ಗುಡುಗಿದ ದಿನ ಮಾತ್ರ ಸರಿ ಬಂದ ಲೆಕ್ಕ

ಪುತ್ತೂರಿನ ಸಂತೆಯಲ್ಲಿ ಒಣಮೀನಿನ ಸಾಲು ಬಂದಾಗ ಕೆಲವರು ಮೂಗು ಮುಚ್ಚಿಕೊಂಡು ಬೇಗ ಬೇಗ ದಾಟುತ್ತಾರೆ, ಕೆಲವರು ಬಾಯಲ್ಲಿ ನೀರೂರಿಸಿಕೊಂಡು ನಿಲ್ಲುತ್ತಾರೆ. ನನಗೆ ಮಾತ್ರ ಎದೆ ಹೊಡೆದುಕೊಳ್ಳಲು ಶುರುವಾಗುತ್ತದೆ. ಕಳೆದ ಸಂತೆಯಲ್ಲೂ ಹಾಗೇ ಆಯಿತು. ಒಣ ನಂಗ್ ಮೀನಿನ ರಾಶಿಯೆದುರು ನಿಂತಿದ್ದೆ. ಮೋಡ ಕವಿದಿತ್ತು. ದೂರದಲ್ಲೆಲ್ಲೋ ಒಮ್ಮೆ ಗುಡುಗಿತು. "ಎಷ್ಟು ಬೇಕು ಅಕ್ಕ?" ಎಂದು ಮಾರುವವಳು ಕೇಳಿದಳು. "ಸೊನ್ನೆ" ಎಂದುಬಿಟ್ಟೆ. ಅವಳು ನನ್ನ ಮುಖ ನೋಡಿ, "ಹಾಗಾದ್ರೆ ಸ್ವಲ್ಪ ಆಚೆ ನಿಲ್ಲಿ ಮಾರಾಯ್ರೆ, ತಗೊಳ್ಳುವವರಿಗೆ ಜಾಗ ಬಿಡಿ" ಎಂದಳು. ಅವಳದ್ದೇನೂ ತಪ್ಪಿಲ್ಲ.

ಒಣಮೀನಿನ ವಾಸನೆಯೂ ಗುಡುಗೂ ಒಟ್ಟಿಗೆ ಬಂದರೆ ನಾನು ಸಂತೆಯಲ್ಲಿ ಇರುವುದಿಲ್ಲ. ಜಾಲ್ಸೂರಿನ ಮನೆಯ ಸಾಮಾನು ಕೋಣೆಯಲ್ಲಿ, ಗರಗರ ಎನ್ನುವ ಒಂದು ಕಪ್ಪು ಯಂತ್ರದ ಎದುರು, ಆ ತುಲಾ ತಿಂಗಳಿನ ಮಧ್ಯಾಹ್ನಗಳಲ್ಲಿ ಕುಳಿತಿರುತ್ತೇನೆ.

ಆ ಕೋಣೆಯಲ್ಲಿ ಅಕ್ಕಿ ಮೂಟೆ, ತೆಂಗಿನೆಣ್ಣೆಯ ಡಬ್ಬ, ಮಳೆಗಾಲಕ್ಕೆಂದು ಮಾಮಿ ಕೂಡಿಟ್ಟ ಒಣಮೀನಿನ ತಗಡಿನ ಡಬ್ಬಿ, ಇವುಗಳ ಜೊತೆ ಕಂಪೆನಿಯವರು ಕಳಿಸಿದ ಸರ್ವರ್ ಇತ್ತು. ಮನೆಯಲ್ಲಿ ಅದರ ಗದ್ದಲ ಸಹಿಸುವ ಜಾಗ ಅದೊಂದೇ. ಯಂತ್ರದ ಬಿಸಿಗಾಳಿ ನೇರವಾಗಿ ಡಬ್ಬಿಗೆ ಬಡಿದು, ಮೀನಿನ ವಾಸನೆ ಹೊತ್ತು ನನ್ನ ಮುಖಕ್ಕೇ ಬರುತ್ತಿತ್ತು. ಡಬ್ಬಿಯನ್ನು ಬೇರೆ ಕಡೆ ಇಡೋಣವೆಂದು ನಾನು ಹೇಳಿದರೆ, ಮೊದಲು ಬಂದದ್ದು ಡಬ್ಬಿ ಎಂದು ಮಾಮಿ ಹೇಳುತ್ತಿದ್ದರು.

ಮಾಮಿ ಎಂದರೆ ನನ್ನ ಗಂಡನ ತಾಯಿ, ಬೀಫಾತಿಮ. ಗಂಡ ಅಶ್ರಫ್ ದುಬೈಯಲ್ಲಿ. ಮನೆಯಲ್ಲಿ ನಾವಿಬ್ಬರೇ ಹೆಂಗಸರು. ನಮ್ಮ ಮಾತೆಲ್ಲ ಬ್ಯಾರಿಯಲ್ಲೇ ನಡೆದದ್ದು. ಇಲ್ಲಿ ಕನ್ನಡಕ್ಕೆ ತಂದಿದ್ದೇನೆ, ಮಾಮಿಯ ಗತ್ತು ಅಷ್ಟು ಸರಿಯಾಗಿ ಬಂದಿರಲಿಕ್ಕಿಲ್ಲ.

ನನ್ನ ಕೆಲಸದ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗದು. ಒಂದು ದೊಡ್ಡ ಕಂಪ್ಯೂಟರಿನ ಒಳಗೆ, ಬರೀ ಸಾಫ್ಟ್‌ವೇರಿನಿಂದ ಹತ್ತಾರು ಸಣ್ಣ ಕಂಪ್ಯೂಟರುಗಳನ್ನು ಹುಟ್ಟಿಸಿ ಬಾಡಿಗೆಗೆ ಕೊಡುವ ಕಾಲ ಇದು. ಒಳಗಿನವಕ್ಕೆ ವರ್ಚುವಲ್ ಮೆಶಿನ್ ಎಂದು ಹೆಸರು. ಈ ಕೆಲಸ ಮಾಡುವ ನಾವು ಗೆಸ್ಟ್ ಎನ್ನುತ್ತೇವೆ, ಅಂದರೆ ನೆಂಟ. ಹೊರಗಿನ ನಿಜವಾದ ಯಂತ್ರ ಮನೆಯವನು. ಇಬ್ಬರ ನಡುವೆ ನಿಂತು ಎಲ್ಲವನ್ನೂ ನಡೆಸುವುದು ಕರ್ನೆಲ್ ಎಂಬ ಮೂಲ ಸಾಫ್ಟ್‌ವೇರ್. ಪ್ರೊಸೆಸರಿನ ಒಳಗೆ, ಅದು ಮಾಡಿದ ಕೆಲಸವನ್ನು ಎಣಿಸುವ ಸಣ್ಣ ಕೌಂಟರುಗಳಿರುತ್ತವೆ, ಮನೆಯ ಕರೆಂಟಿನ ಮೀಟರ್ ಇದ್ದ ಹಾಗೆ. ನೆಂಟನಿಗೂ ತನ್ನದೇ ಮೀಟರ್ ಇದೆ ಎನ್ನಿಸುವಂತೆ ಮಾಡುವುದು ಕರ್ನೆಲ್ಲಿನ ಜವಾಬ್ದಾರಿ. ಕೆಲಸ ಎಲ್ಲಿ ನಿಧಾನವಾಗುತ್ತಿದೆ ಎಂದು ನೋಡಲು ಆ ಲೆಕ್ಕ ಬೇಕು. ಅದಕ್ಕಿಂತ ದೊಡ್ಡ ಸಂಗತಿ ಇನ್ನೊಂದುಂಟು. ನೆಂಟ ಎಲ್ಲಾದರೂ ಮರಗಟ್ಟಿ ನಿಂತುಬಿಟ್ಟರೆ ಗಮನಿಸಿ ಎಬ್ಬಿಸಲು ಒಳಗೊಬ್ಬ ಕಾವಲುಗಾರ ಇರುತ್ತಾನೆ, ಅವನು ನಂಬುವುದು ಈ ಮೀಟರನ್ನೇ. ಮೀಟರ್ ನಿಂತರೆ ಕಾವಲುಗಾರ ಮಲಗಿದಂತೆ. ಯಾರೂ ಬೊಬ್ಬೆ ಹೊಡೆಯುವುದಿಲ್ಲ, ಯಾವ ಎಚ್ಚರಿಕೆಯೂ ಬರುವುದಿಲ್ಲ.

ಹೊಸ ಕರ್ನೆಲ್ ಗಿರಾಕಿಗಳಿಗೆ ಹೋಗುವ ಮೊದಲು ಅದನ್ನು ನಿಜವಾದ ಯಂತ್ರದ ಮೇಲೆ ಓಡಿಸಿ ಪರೀಕ್ಷಿಸುವುದು ನನ್ನ ಪಾಲಿಗೆ ಬಂದ ಕೆಲಸ. ಆ ವರ್ಷದ ಮಳೆ ಮುಗಿದು, ಮಧ್ಯಾಹ್ನದ ಗುಡುಗು ಶುರುವಾಗುವ ಹೊತ್ತಿಗೆ ಒಂದು ಹೊಸ ಕರ್ನೆಲ್ ಬಂತು. ಹಾಕಿದೆ. ಹಳೆಯ ಗಿರಾಕಿಗಳು ಬಳಸುವಂಥ ಹಳೆಯ ನೆಂಟನೊಬ್ಬನನ್ನು ಓಡಿಸಿದೆ. ಕೌಂಟರ್ ನೋಡಿದರೆ ಸೊನ್ನೆ. ಮತ್ತೆ ನೋಡಿದೆ, ಸೊನ್ನೆ. ನೆಂಟ ಕೆಲಸ ಮಾಡುತ್ತಿದ್ದಾನೆ, ಬೆವರುತ್ತಿದ್ದಾನೆ, ಮೀಟರ್ ಮಾತ್ರ ಅಲುಗುವುದಿಲ್ಲ. ಹಳೆಯ ಕರ್ನೆಲ್ ಹಾಕಿದರೆ ಲೆಕ್ಕ ಸರಸರ ಓಡುತ್ತದೆ. ಮೊದಲು ಸರಿಯಿದ್ದದ್ದು ಹೊಸ ಬದಲಾವಣೆಯಿಂದ ಕೆಟ್ಟರೆ ನಮ್ಮಲ್ಲಿ ಅದನ್ನು ರಿಗ್ರೆಶನ್ ಎನ್ನುತ್ತಾರೆ. ನಾನು ಹಾಗೇ ಬರೆದು ಕಳಿಸಿದೆ.

ಶ್ರೀಪತಿಯವರ ಫೋನ್ ಬಂತು. ಅವರು ನಮ್ಮ ತಂಡದ ಮುಖ್ಯಸ್ಥರು, ಮೂಲತಃ ಕಡಬದ ಕಡೆಯವರು. ನನ್ನ ಮನೆಗೆ ಯಂತ್ರ ಕಳಿಸಬೇಕೆಂದು ಮೇಲಿನವರ ಜೊತೆ ಜಗಳವಾಡಿದ್ದೂ ಅವರೇ.

"ನಸೀಮಾ, ಇಲ್ಲಿ ನಮ್ಮ ಎಲ್ಲ ಯಂತ್ರಗಳಲ್ಲೂ ನೋಡಿದ್ರು. ಎಲ್ಲ ಸರಿ ಉಂಟು. ಕೌಂಟರ್ ಓಡ್ತದೆ."

"ನನ್ನಲ್ಲಿ ಓಡುದಿಲ್ಲ ಸರ್."

"ನಿಮ್ಮಲ್ಲಿ ಮಾತ್ರ. ಒಮ್ಮೆ ಒಳಗೆ ತೆಗೆದು ನೋಡಿ ಮಾರಾಯ್ರೆ. ಹಲ್ಲಿ ಗಿಲ್ಲಿ ಎಂತದಾದ್ರೂ..."

ಹಲ್ಲಿಯ ಕಥೆ ಇಷ್ಟೆ. ಅದೇ ವರ್ಷ ಬೇಸಿಗೆಯಲ್ಲಿ ಯಂತ್ರ ಪದೇ ಪದೇ ಬೀಳುತ್ತಿತ್ತು, ನಾನು ಕರ್ನೆಲ್ಲಿನ ದೋಷವೆಂದು ದೊಡ್ಡದಾಗಿ ವರದಿ ಬರೆದಿದ್ದೆ. ಕೊನೆಗೆ ನೋಡಿದರೆ ವಿದ್ಯುತ್ ಪೆಟ್ಟಿಗೆಯೊಳಗೆ ಒಂದು ಹಲ್ಲಿ ಸುಟ್ಟು ಕರಕಲಾಗಿ ಅಂಟಿಕೊಂಡಿತ್ತು. ಅಲ್ಲಿಂದ ಮುಂದೆ ಆಫೀಸಿನ ಹುಡುಗರು ನನಗೆ ಇಟ್ಟ ಹೆಸರು ಏನೆಂದು ಹೇಳಬೇಕಾಗಿಲ್ಲ.

"ಹಲ್ಲಿ ಇಲ್ಲ ಸರ್" ಎಂದೆ. ಹಲ್ಲು ಕಚ್ಚಿಕೊಂಡೇ ಹೇಳಿದೆ.

"ನೋಡಿ, ನಾನು ಮುಚ್ಚಿಡುದಿಲ್ಲ. ಸಿಡಿಲಿನ ಊರಲ್ಲಿ, ಮನೆಯ ಮೂಲೆಯಲ್ಲಿ ಯಂತ್ರ ಇಟ್ಟು ಎಂತ ಪರೀಕ್ಷೆ ಅಂತ ಮೇಲಿನವರು ಕೇಳ್ತಾ ಇದ್ದಾರೆ. ಇದೂ ಸುಳ್ಳಾದ್ರೆ ಯಂತ್ರ ವಾಪಸ್ ತರಿಸ್ತಾರೆ. ನೀವು ಇಲ್ಲಿಗೆ ಬರ್ಬೇಕು, ಇಲ್ಲ ಬಿಡ್ಬೇಕು. ನನ್ನ ಕೈಯಲ್ಲಿ ಉಳಿದಿರುದು ಇದೊಂದೇ ಸಲ."

ಜಾಲ್ಸೂರು ಬಿಟ್ಟು ಹೋಗಲು ನನಗೆ ಇಷ್ಟವಿರಲಿಲ್ಲ. ಮಾಮಿಗಾಗಿ ಮಾಡಿದ ತ್ಯಾಗ, ಅದು ಇದು ಎಂದು ಬಣ್ಣ ಹಚ್ಚುವುದಿಲ್ಲ. ನನಗೇ ಇಷ್ಟವಿರಲಿಲ್ಲ. ಕಾಸರಗೋಡಿನ ಬಸ್ಸುಗಳು ತಿರುಗುವ ಆ ಕೂಡುರಸ್ತೆ, ಬಾಗಿಲು ದಾಟಿದರೆ ನಾಲ್ಕು ಭಾಷೆ ಕಿವಿಗೆ ಬೀಳುವ ಆ ಗದ್ದಲ, ಇವುಗಳ ನಡುವೆ ಕುಳಿತು ಜಗತ್ತಿನ ಕರ್ನೆಲ್ಲಿಗೆ ಬೆರಳು ತೋರಿಸುವ ಸುಖ ನನಗೆ ಬೇಕಾಗಿತ್ತು. ಅದಕ್ಕಿಂತ ಹೆಚ್ಚಾಗಿ, ನಾನು ಹೇಳಿದ್ದು ಸುಳ್ಳಲ್ಲ ಎಂದು ತೋರಿಸಬೇಕಿತ್ತು. ಸೊನ್ನೆಯನ್ನು ನನ್ನ ಕಣ್ಣಾರೆ ಕಂಡಿದ್ದೆ.

ತಪ್ಪು ಮಾಡಿದ ಬದಲಾವಣೆ ಯಾವುದೆಂದು ಹುಡುಕಲು ಒಂದು ವಿಧಾನ ಉಂಟು. ಗುಡ್ಡದಿಂದ ಮನೆಗೆ ನೀರು ತರುವ ಉದ್ದದ ಪೈಪಿನಲ್ಲಿ ಎಲ್ಲೋ ಕಸ ಕಟ್ಟಿದೆ ಎಂದಿಟ್ಟುಕೊಳ್ಳಿ. ಮೊದಲಿನಿಂದ ಕೊನೆಯವರೆಗೆ ಬಿಚ್ಚುತ್ತಾ ಹೋದರೆ ದಿನ ಸಾಲದು. ಸರಿಯಾಗಿ ನಡುವೆ ಒಂದು ಜಾಯಿಂಟ್ ಬಿಚ್ಚಿದರೆ, ಅಲ್ಲಿಯವರೆಗೆ ನೀರು ಬರುತ್ತಿದ್ದರೆ ಕಸ ಕೆಳಗಿನ ಅರ್ಧದಲ್ಲಿದೆ, ಬಾರದಿದ್ದರೆ ಮೇಲಿನ ಅರ್ಧದಲ್ಲಿ. ಆ ಅರ್ಧವನ್ನು ಮತ್ತೆ ಅರ್ಧ ಮಾಡುವುದು. ನಾನು ಮಾಡಿದ್ದೂ ಅದನ್ನೇ. ಸಾವಿರಾರು ಬದಲಾವಣೆಗಳ ನಡುವಿನ ಒಂದು ಕರ್ನೆಲ್ ಕಟ್ಟುವುದು, ಓಡಿಸುವುದು, ನೆಂಟನನ್ನು ಎಬ್ಬಿಸುವುದು, ಕೌಂಟರ್ ನೋಡುವುದು. ಸರಿ ಅಥವಾ ತಪ್ಪು ಎಂದು ಗುರುತು ಹಾಕಿ ಮುಂದಿನ ಅರ್ಧಕ್ಕೆ ಹೋಗುವುದು. ಒಂದೊಂದು ಸುತ್ತಿಗೂ ಸುಮಾರು ಹೊತ್ತು ಬೇಕು. ಈ ವಿಧಾನದಲ್ಲಿ ಒಂದೇ ಅಪಾಯ: ನಡುವೆ ಒಂದು ಸುಳ್ಳು ‘ಸರಿ’ ಬಂದರೂ ಆಮೇಲಿನ ದಾರಿಯೆಲ್ಲ ತಪ್ಪಿ ಹೋಗುತ್ತದೆ, ತಪ್ಪಿದ್ದು ಗೊತ್ತೂ ಆಗುವುದಿಲ್ಲ.

ಇದರ ನಡುವೆ ಗುಡುಗು.

ತುಲಾ ತಿಂಗಳಲ್ಲಿ ನಮ್ಮ ಕಡೆ ಬೆಳಿಗ್ಗೆ ಬಿಸಿಲು ಕಣ್ಣು ಕುಕ್ಕುತ್ತದೆ. ಊಟದ ಹೊತ್ತಿಗೆ ಸುಳ್ಯದ ಕಡೆಯಿಂದ ಆಕಾಶ ಕಪ್ಪಾಗುತ್ತದೆ. ಇಳಿಹೊತ್ತಿನ ಅಸರ್ ನಮಾಝಿನ ಹೊತ್ತಿಗೆ ಗುಡುಗು ಶುರು. ಮೊದಲ ಗುಡುಗು ಕೇಳಿದ ಕೂಡಲೇ ಮನೆಮನೆಯಲ್ಲಿ ಪ್ಲಗ್ ತೆಗೆಯುವ ಕೆಲಸ ನಡೆಯುತ್ತದೆ. ನಮ್ಮ ಮನೆಯಲ್ಲಿ ಅದು ಮಾಮಿಯ ಕೆಲಸ. ರಬ್ಬರ್ ಚಪ್ಪಲಿ ಮೆಟ್ಟಿ, ತಲೆಯ ಮೇಲಿನ ಬಟ್ಟೆಯ ತುದಿಯನ್ನು ಕೈಗೆ ಸುತ್ತಿಕೊಂಡು ಹೊರಡುತ್ತಿದ್ದರು. ಫ್ರಿಜ್, ಟಿ.ವಿ., ಮಿಕ್ಸಿ, ಇಂಟರ್ನೆಟ್ಟಿನ ಪೆಟ್ಟಿಗೆ, ಕೊನೆಗೆ ನನ್ನ ಯಂತ್ರ. ಕೇಳುವುದು ಹೇಳುವುದು ಇಲ್ಲ. ನಾನು ಮನೆಯಲ್ಲಿರಲಿ ಇಲ್ಲದಿರಲಿ, ಕಿತ್ತು ಹೋಗುತ್ತಿದ್ದರು.

ಅದಕ್ಕೆ ಕಾರಣ ನನಗೆ ಗೊತ್ತಿತ್ತು. ಪಂಜದ ಅವರ ತವರಿಗೆ ಹೊಸದಾಗಿ ಕರೆಂಟು ಬಂದ ವರ್ಷ, ಇಂಥದೇ ಒಂದು ಮಧ್ಯಾಹ್ನ, ಅವರ ತಂಗಿ ಝೊಹರಾ ರೇಡಿಯೋದ ಕಿವಿ ತಿರುಗಿಸುತ್ತಾ ನಿಂತಿದ್ದಳಂತೆ. ಸಿಡಿಲು ಬಿದ್ದದ್ದು ಹೊರಗೆ ಕಂಬಕ್ಕೆ. ಬಂದದ್ದು ವಯರಿನಲ್ಲಿ. ಮಾಮಿ ಆಗ ಪಕ್ಕದ ಕೋಣೆಯಲ್ಲಿ ಇದ್ದರು. ಇದನ್ನು ನನಗೆ ಹೇಳಿದ್ದು ಅಶ್ರಫ್. ಮಾಮಿ ಒಂದು ದಿನವೂ ತಂಗಿಯ ಹೆಸರೆತ್ತಿದವರಲ್ಲ.

ಹಾಗಾಗಿ ನಾನು ಜಗಳಕ್ಕೆ ಹೋಗದೆ, ಜಾಣತನ ಮಾಡಿದ್ದೆ. ಪರೀಕ್ಷೆ ನಡೆಸುವ ಸ್ಕ್ರಿಪ್ಟನ್ನೇ ಊರಿಗೆ ತಕ್ಕ ಹಾಗೆ ಬರೆದಿದ್ದೆ: ಕರೆಂಟು ಹೋಗಿ ಬಂದರೆ ಮೊದಲಿನಿಂದ ಶುರು ಮಾಡಬೇಡ, ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿ. ಮಾಮಿ ದಿನಕ್ಕೊಮ್ಮೆ ಪ್ಲಗ್ ಕಿತ್ತರೂ ಹೊತ್ತು ಹಾಳಾಗದಂತೆ ಮಾಡಿದ್ದಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. ಹೀಗೆ ಬರೆಯುವ ಬುದ್ಧಿ ಬೇರೆ ಯಾವ ಊರಿನವರಿಗೂ ಬರಲಿಕ್ಕಿಲ್ಲ, ಬರುವ ಅಗತ್ಯವೂ ಇಲ್ಲ.

ಕೆಲವು ದಿನಗಳ ಹುಡುಕಾಟದ ಕೊನೆಯಲ್ಲಿ ಅಪರಾಧಿ ಸಿಕ್ಕಿದ. ಎಲ್ಲೋ ಚಳಿ ದೇಶದ ಒಬ್ಬ ಪ್ರೋಗ್ರಾಮರ್ ಮಾಡಿದ ಸಣ್ಣ ಬದಲಾವಣೆ. ನಾನು ಎಲ್ಲರಿಗೂ ಕಾಣುವಂತೆ, ಹೆಸರು ಸಮೇತ ಬರೆದು ಕಳಿಸಿದೆ. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಬೆಳಿಗ್ಗೆ ಅವನ ಉತ್ತರ ಬಂದಿತ್ತು. ತುಂಬಾ ಮರ್ಯಾದೆಯಿಂದ ಬರೆದಿದ್ದ. ತನ್ನ ಬದಲಾವಣೆ ಬೇರೊಂದು ಜಾತಿಯ ಪ್ರೊಸೆಸರಿಗೆ ಸಂಬಂಧಪಟ್ಟದ್ದು, ನನ್ನ ಯಂತ್ರದಲ್ಲಿ ಆ ಪ್ರೊಸೆಸರೇ ಇಲ್ಲ, ತಾನು ಬರೆದ ಸಾಲುಗಳು ನನ್ನಲ್ಲಿ ಓಡುವ ಪ್ರಶ್ನೆಯೇ ಬರುವುದಿಲ್ಲ, ದಯವಿಟ್ಟು ಇನ್ನೊಮ್ಮೆ ಪರಿಶೀಲಿಸಬಹುದೇ ಎಂದು. ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಶ್ರೀಪತಿಯವರ ದನಿಯಲ್ಲಿ ಈ ಸಲ ‘ಮಾರಾಯ್ರೆ’ ಇರಲಿಲ್ಲ. "ಶುಕ್ರವಾರ ಸಂಜೆ ಈ ಕರ್ನೆಲ್ ಗಿರಾಕಿಗಳಿಗೆ ಹೋಗ್ತದೆ. ಅಷ್ಟರೊಳಗೆ ನಿಮ್ಮ ಹತ್ರ ಗಟ್ಟಿ ಎಂತದಾದ್ರೂ ಇದ್ರೆ ಕೊಡಿ. ಇಲ್ಲದಿದ್ರೆ ವರದಿ ವಾಪಸ್ ತಗೊಳ್ಳಿ. ವಾಪಸ್ ತಗೊಂಡ್ರೆ ಆಮೇಲೆ ಎಂತ ಆಗ್ತದೆ ಅಂತ ನಿಮಗೆ ಗೊತ್ತುಂಟು."

ಆ ದಿನ ಬುಧವಾರ. ನಾನು ಊಟ ಬಿಟ್ಟು ಕುಳಿತೆ. ಹುಡುಕಾಟದಲ್ಲಿ ‘ಸರಿ’ ಎಂದು ಗುರುತು ಬಿದ್ದ ಒಂದು ಕರ್ನೆಲ್ಲನ್ನು ತೆಗೆದು ಮತ್ತೆ ಓಡಿಸಿದೆ. ಹೊರಗೆ ಬಿಸಿಲು. ಕೌಂಟರ್ ನೋಡಿದೆ. ಸೊನ್ನೆ.

ಅದೇ ಕರ್ನೆಲ್, ಅದೇ ಯಂತ್ರ, ಅದೇ ನೆಂಟ. ಮೊನ್ನೆ ಸರಿ, ಇವತ್ತು ಸೊನ್ನೆ. ಇದು ಹಲ್ಲಿಗಿಂತ ಕೆಟ್ಟದು, ಇಷ್ಟ ಬಂದಾಗ ಬಂದು ಹೋಗುವ ದೋಷವನ್ನು ಯಾರಿಗೂ ತೋರಿಸಲು ಸಾಧ್ಯವಿಲ್ಲ. ಮತ್ತೆ ಓಡಿಸಲು ಬಿಟ್ಟು, ತಲೆ ಹಿಡಿದುಕೊಂಡು ಕುಳಿತೆ. ಅಷ್ಟರಲ್ಲಿ ಆಕಾಶ ಕಪ್ಪಾಗಿ ಮೊದಲ ಗುಡುಗು ಬಂತು. ಅದರ ಹಿಂದೆಯೇ ಚಪ್ಪಲಿಯ ಸದ್ದು. ಮಾಮಿ ನನ್ನನ್ನು ನೋಡಲೂ ಇಲ್ಲ. ಬಟ್ಟೆ ಸುತ್ತಿದ ಕೈಯಿಂದ ಪ್ಲಗ್ ಕಿತ್ತು, ನೆಲದ ಮೇಲೆ ದೂರ ಇಟ್ಟು ಹೋದರು. ಗರಗರ ನಿಂತು, ಕೋಣೆಯಲ್ಲಿ ಮೀನಿನ ವಾಸನೆ ಮಾತ್ರ ಉಳಿಯಿತು.

ಗುಡುಗು ದೂರವಾದ ಮೇಲೆ ಪ್ಲಗ್ ಹಾಕಿದೆ. ಯಂತ್ರ ಎದ್ದಿತು, ಸ್ಕ್ರಿಪ್ಟ್ ನಿಂತಲ್ಲಿಂದ ಮುಂದುವರಿಯಿತು. ಕೌಂಟರ್ ನೋಡಿದೆ. ಲೆಕ್ಕ ಸರಸರ ಓಡುತ್ತಿತ್ತು.

ಆಗ ಹೊಳೆಯಿತು. ನನ್ನ ಪರೀಕ್ಷೆಯಲ್ಲಿ ನೆಂಟ ಹುಟ್ಟಿದ ಮೇಲೆ, ಲೆಕ್ಕ ತೆಗೆಯುವ ಮೊದಲು, ಅವನನ್ನು ಒಳಗಿಂದಲೇ ಒಮ್ಮೆ ರೀಸೆಟ್ ಮಾಡುವ, ಅಂದರೆ ಮುಚ್ಚದೆಯೇ ಮೊದಲಿನಿಂದ ಎಬ್ಬಿಸುವ ಹೆಜ್ಜೆಯೊಂದಿತ್ತು. ಪ್ಲಗ್ ಕಿತ್ತಾಗ ಮನೆಯವನೂ ನೆಂಟನೂ ಇಬ್ಬರೂ ಸಾಯುತ್ತಾರೆ. ಕರೆಂಟು ಬಂದಾಗ ನೆಂಟ ಹೊಸದಾಗಿ ಹುಟ್ಟುತ್ತಾನೆ. ಆದರೆ ನನ್ನ ಜಾಣ ಸ್ಕ್ರಿಪ್ಟ್, ರೀಸೆಟ್ ಆಗಲೇ ಆಗಿದೆ ಎಂದು ಆ ಹೆಜ್ಜೆ ಹಾರಿಸಿ ನೇರ ಲೆಕ್ಕಕ್ಕೆ ಹೋಗುತ್ತದೆ. ಹೊಸದಾಗಿ ಹುಟ್ಟಿದ ನೆಂಟನಲ್ಲಿ ದೋಷವಿಲ್ಲ. ರೀಸೆಟ್ ಆದ ನೆಂಟನಲ್ಲಿ ಮಾತ್ರ ಸೊನ್ನೆ. ಆಫೀಸಿನ ಯಂತ್ರಗಳಲ್ಲಿ ಪ್ರತಿ ಪರೀಕ್ಷೆಗೂ ಹೊಸ ನೆಂಟನನ್ನೇ ಹುಟ್ಟಿಸುತ್ತಾರೆ. ಅದಕ್ಕೇ ಅಲ್ಲಿ ಎಲ್ಲ ಸರಿ! ನನ್ನಲ್ಲಿ ಗುಡುಗಿದ ದಿನ ಸರಿ, ಬಿಸಿಲಿದ್ದ ದಿನ ತಪ್ಪು. ನಾನು ಚಳಿ ದೇಶದ ಆ ಪಾಪದವನ ಮೇಲೆ ಬೆರಳು ತೋರಿಸಿದ್ದು ಆಕಾಶ ಹೇಳಿದ ಮಾತು ಕೇಳಿ.

ಖುಷಿ, ಸಿಟ್ಟು ಎರಡೂ ಒಟ್ಟಿಗೆ ನುಗ್ಗಿ ಬಂತು. ಅಡುಗೆಮನೆಗೆ ಓಡಿದೆ. ಮಾಮಿ ಅಕ್ಕಿ ಕೇರುತ್ತಿದ್ದರು.

"ಮಾಮಿ, ಸಿಕ್ಕಿತು! ನೀವೇ! ನೀವು ಪ್ಲಗ್ ತೆಗೆದು ತೆಗೆದೇ ನನ್ನ ಲೆಕ್ಕ ಎಲ್ಲ ಹಾಳಾದದ್ದು!"

ಮೊರ ನಿಂತಿತು. "ನಾನು ಹಾಳು ಮಾಡಿದ್ದಾ?"

"ಮತ್ತೆ ಯಾರು? ಒಂದು ವಾರ ಹೋಯ್ತು. ಕೆಲಸ ಹೋಗುದೊಂದು ಬಾಕಿ."

ಸ್ವಲ್ಪ ಹೊತ್ತು ಬಿಟ್ಟು ಮೊರ ಮತ್ತೆ ಆಡಿತು. ನಾನು ಆಗಲೇ ಕೋಣೆಗೆ ವಾಪಸು ಓಡಿಯಾಗಿತ್ತು.

ಗುರುವಾರ ನಸುಕಿನ ಸುಬಹ್ ನಮಾಝ್ ಮುಗಿದ ಕೂಡಲೇ ಹುಡುಕಾಟ ಹೊಸದಾಗಿ ಶುರು ಮಾಡಿದೆ. ಈ ಸಲ ಪ್ರತಿ ಸುತ್ತಿನಲ್ಲೂ ರೀಸೆಟ್ ಆಯಿತೋ ಇಲ್ಲವೋ ಎಂದು ಕಣ್ಣಲ್ಲಿ ನೋಡಿಯೇ ಗುರುತು ಹಾಕಿದೆ. ಆ ದಿನ ಮೋಡ ಕಟ್ಟಿತು, ಸುಬ್ರಹ್ಮಣ್ಯದ ಕಡೆಗೆ ಜಾರಿತು, ಗುಡುಗಲಿಲ್ಲ. ಶುಕ್ರವಾರ ಬೆಳಿಗ್ಗೆ ನಿಜವಾದ ಬದಲಾವಣೆ ಸಿಕ್ಕಿತು. ನೋಡಲು ಬಹಳ ಸಾಧು. ಕೋಡನ್ನು ಅಚ್ಚುಕಟ್ಟು ಮಾಡಲೆಂದು ಯಾರೋ, ರೀಸೆಟ್ ಆದಾಗ ನೆಂಟನ ಕೌಂಟರಿಗೆ ಸಂಬಂಧಿಸಿದ್ದನ್ನೆಲ್ಲ ಗುಡಿಸಿ ಸೊನ್ನೆ ಮಾಡಿದ್ದರು. ಅದರಲ್ಲಿ ಒಂದು ಮೈನ್ ಸ್ವಿಚ್ ಕೂಡಾ ಸೇರಿತ್ತು. ನಿಜವಾದ ಪ್ರೊಸೆಸರಿನಲ್ಲಿ ರೀಸೆಟ್ ಆದಾಗ ಆ ಮೈನ್ ಸ್ವಿಚ್ ಆನ್ ಆಗಿಯೇ ಇರುತ್ತದೆ. ಹೊಸ ಕಾಲದ ನೆಂಟರು ಅದನ್ನು ತಾವೇ ಆನ್ ಮಾಡಿಕೊಳ್ಳುತ್ತಾರೆ, ಅವರಿಗೆ ತೊಂದರೆಯಿಲ್ಲ. ಹಳೆಯ ನೆಂಟರಿಗೆ ಅಂಥದ್ದೊಂದು ಸ್ವಿಚ್ ಇದೆಯೆಂದೇ ಗೊತ್ತಿಲ್ಲ. ಅವರು ಕೋಣೆಯ ಸ್ವಿಚ್ ಹಾಕಿ ಹಾಕಿ ಕಾಯುತ್ತಾರೆ, ಲೈಟು ಉರಿಯುವುದಿಲ್ಲ. ತಿದ್ದಬೇಕಾದದ್ದು ಒಂದೆರಡು ಸಾಲು. ತಿದ್ದಿ, ಕರ್ನೆಲ್ ಕಟ್ಟಲು ಹಾಕಿ ಶ್ರೀಪತಿಯವರಿಗೆ ಫೋನ್ ಮಾಡಿದೆ.

ಅವರು ಪೂರ್ತಿ ಕೇಳಿದರು. "ನನಗೆ ಸರಿ ಕಾಣ್ತದೆ. ಆದ್ರೆ ಮೊನ್ನೆ ಒಬ್ಬನ ಹೆಸರು ಹೇಳಿ, ಇವತ್ತು ಇನ್ನೊಬ್ಬನ ಹೆಸರು ಹೇಳಿದ್ರೆ ಮೇಲಿನವರು ಕೇಳ್ಬೇಕಲ್ಲ. ದೊಡ್ಡ ಪರೀಕ್ಷೆ ಒಂದು ಪೂರ್ತಿ ಓಡ್ಲಿ. ನೆಂಟನನ್ನು ಮತ್ತೆ ಮತ್ತೆ ರೀಸೆಟ್ ಮಾಡಿ, ತಿದ್ದುಪಡಿ ಇಲ್ಲದೆ ಒಮ್ಮೆ, ಹಾಕಿ ಒಮ್ಮೆ. ನಡುವೆ ಎಲ್ಲೂ ಕಡಿಬಾರ್ದು. ಸಂಜೆಯೊಳಗೆ ಅದು ನನ್ನ ಕೈಯಲ್ಲಿ ಇದ್ರೆ ನಾನು ನಿಲ್ಲಿಸ್ತೇನೆ."

ಜುಮಾ ನಮಾಝ್ ಮುಗಿಸಿ ಬಂದವರ ಗದ್ದಲ ರಸ್ತೆಯಲ್ಲಿ ಕೇಳುವ ಹೊತ್ತಿಗೆ ದೊಡ್ಡ ಪರೀಕ್ಷೆ ಶುರುವಾಯಿತು. ತಿದ್ದುಪಡಿ ಇಲ್ಲದ ಭಾಗ ಮುಗಿಯಿತು, ಎಲ್ಲ ಸೊನ್ನೆ. ಎರಡನೆಯ ಭಾಗ ಶುರುವಾಯಿತು. ಲೆಕ್ಕ ಬರುತ್ತಿದೆ, ರೀಸೆಟ್, ಮತ್ತೆ ಲೆಕ್ಕ ಬರುತ್ತಿದೆ. ಕಿಟಕಿಯಲ್ಲಿ ಬೆಳಕು ಕಡಿಮೆಯಾಯಿತು. ಸುಳ್ಯದ ಕಡೆ ನೋಡಲು ನನಗೆ ಧೈರ್ಯವಾಗಲಿಲ್ಲ.

ಮೊದಲ ಗುಡುಗು ದೂರದ್ದು. ನಾನು ಬಾಗಿಲಿನ ಕಡೆ ತಿರುಗಿ, ಮಾಮಿಗೆ ಹೇಳಬೇಕಾದ ಮಾತನ್ನು ಬಾಯಲ್ಲಿ ಜೋಡಿಸಿಕೊಂಡೆ. ಇವತ್ತು ಒಂದು ದಿನ ಬಿಡಿ ಮಾಮಿ, ಕಾಲು ಹಿಡಿಯುತ್ತೇನೆ ಎಂದು. ಚಪ್ಪಲಿಯ ಸದ್ದು ಬರಲಿಲ್ಲ. ಎರಡನೆಯ ಗುಡುಗು ಸ್ವಲ್ಪ ಹತ್ತಿರ. ಫ್ರಿಜ್ಜಿನ ಸದ್ದು ನಿಂತಿತು, ಟಿ.ವಿ.ಯ ಪ್ಲಗ್ ತೆಗೆದದ್ದು ಕೇಳಿಸಿತು, ಇಂಟರ್ನೆಟ್ ಹೋಯಿತು. ಈ ಕಡೆ ಯಾರೂ ಬರಲಿಲ್ಲ. ಬದುಕಿದೆ ಎಂದುಕೊಂಡೆ. ಪರೀಕ್ಷೆ ಓಡುತ್ತಿತ್ತು.

ಮೂರನೆಯದು ತಾರಸಿಯ ಮೇಲೆಯೇ ಬಿದ್ದ ಹಾಗೆ ಕೇಳಿಸಿತು. ಕೋಣೆಯೆಲ್ಲ ಒಮ್ಮೆ ಬೆಂಕಿಯ ಬೆಳಕಾಯಿತು, ತಗಡಿನ ಡಬ್ಬಿ ಜಣಜಣ ಎಂದಿತು. ಮತ್ತೆ ನೋಡಿದೆ, ಬಾಗಿಲಲ್ಲಿ ಯಾರೂ ಇಲ್ಲ. ಆಗ ನನಗೆ ಹೆದರಿಕೆಯಾಯಿತು, ಸಿಡಿಲಿಗಲ್ಲ. ಎದ್ದು ಹೋಗಿ ನೋಡಿದೆ.

ಮಾಮಿ ಅಡುಗೆಮನೆಯ ಕತ್ತಲಲ್ಲಿ, ಗೋಡೆಯಿಂದ ದೂರ, ನಡುವಿನಲ್ಲಿ ನಿಂತಿದ್ದರು. ಕಾಲಲ್ಲಿ ರಬ್ಬರ್ ಚಪ್ಪಲಿ. ಬಲಗೈಗೆ ಬಟ್ಟೆ ಸುತ್ತಿಯಾಗಿತ್ತು. ಆ ಕೈಯನ್ನು ಎಡಗೈಯಿಂದ ಗಟ್ಟಿಯಾಗಿ ಹಿಡಿದುಕೊಂಡಿದ್ದರು, ಬಿಟ್ಟರೆ ಅದು ತಾನಾಗಿ ಓಡಿ ಹೋಗಿ ಪ್ಲಗ್ ಕಿತ್ತುಬಿಡುತ್ತದೆ ಎಂಬ ಹಾಗೆ. ತುಟಿ ಅಲುಗುತ್ತಿತ್ತು. ಕಣ್ಣು ಸಾಮಾನು ಕೋಣೆಯ ಬಾಗಿಲಿನ ಮೇಲಿತ್ತು, ಅಂದರೆ ನನ್ನ ಮೇಲೆ.

"ಮುಗೀತಾ?" ಎಂದು ಕೇಳಿದರು.

ಮುಗಿದಿರಲಿಲ್ಲ. ಇನ್ನೂ ಸಾಕಷ್ಟು ಬಾಕಿಯಿತ್ತು. ನಾನು ಅವರ ಪಕ್ಕದ ಕೋಣೆಯಲ್ಲಿ, ವಯರಿಗೆ ಕಟ್ಟಿದ ಯಂತ್ರಕ್ಕೆ ಕೈಯಿಟ್ಟು ಕುಳಿತಿದ್ದೆ. ಝೊಹರಾ ನಿಂತ ಹಾಗೆ. ಅದನ್ನು ಆ ಕ್ಷಣದವರೆಗೆ ನಾನು ಆ ರೀತಿ ನೋಡಿರಲೇ ಇಲ್ಲ. ಅವರಿಗೆ ಇಷ್ಟು ಹೊತ್ತೂ ಕಾಣುತ್ತಿದ್ದದ್ದು ಅದೊಂದೇ ಆಗಿತ್ತು.

ವಾಪಸು ಹೋಗಿ ಪ್ಲಗ್ ಕಿತ್ತೆ.

ಗರಗರ ನಿಂತಿತು. ಕಿತ್ತ ಪ್ಲಗ್ಗನ್ನು ಎತ್ತಿ ಬಾಗಿಲಿನಿಂದ ತೋರಿಸಿದೆ. ಮಾಮಿ ನೆಲದ ಮೇಲೆಯೇ ಕುಳಿತುಬಿಟ್ಟರು. ನಾನೂ ಪಕ್ಕದಲ್ಲಿ ಕುಳಿತೆ. ಸಿಡಿಲು ಇನ್ನೆರಡು ಸಲ ಹತ್ತಿರದಲ್ಲೇ ಬಡಿಯಿತು. ನನಗೆ ಅಳು ಬಂತು. ಹೋದ ಪರೀಕ್ಷೆಗೋ, ಮೊನ್ನೆ ಆಡಿದ ಮಾತಿಗೋ, ಬಿಡಿಸಿ ಹೇಳಲಾರೆ. ಅವರ ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿದೆ. ಬೆರಳುಗಳು ಬೆಳ್ಳಗಾಗಿದ್ದವು.

"ಕೆಲಸ ಹೋಗ್ತದಲ್ಲ ನಸೀಮಾ" ಎಂದರು.

"ಹೋದ್ರೆ ಹೋಗ್ಲಿ ಮಾಮಿ."

ಹಾಗೆ ಹೇಳಿದೆನಾದರೂ ಹಾಗೆ ಬಿಡುವ ಜಾತಿ ನನ್ನದಲ್ಲ. ಗುಡುಗು ನಿಲ್ಲುವವರೆಗೆ ಯಂತ್ರ ಹಾಕುವಂತಿಲ್ಲ, ನಿಂತ ಮೇಲೆ ಮತ್ತೆ ಮೊದಲಿನಿಂದ ಓಡಿಸಲು ಸಂಜೆ ಸಾಲದು. ಗೋಡೆಗೊರಗಿ ಕುಳಿತು ಯೋಚಿಸಿದೆ. ಇಷ್ಟು ದಿನ ನನ್ನ ಯಂತ್ರದಲ್ಲೇ, ನನ್ನ ಕೈಯಲ್ಲೇ ಸಾಬೀತು ಮಾಡಿ ಹಲ್ಲಿ ಎಂದವರ ಬಾಯಿ ಮುಚ್ಚಿಸಬೇಕೆಂಬ ಹಟ. ಈಗ ಯಂತ್ರವೇ ಇಲ್ಲ. ಆದರೆ ದೋಷ ಎಲ್ಲಿದೆ ಎಂದು ಗೊತ್ತಿದೆ. ಗೊತ್ತಿರುವುದನ್ನು ಬೇರೆಯವರು ತಮ್ಮ ಮನೆಯಲ್ಲೇ ಮಾಡಿ ನೋಡುವಂತೆ ಹೇಳಿದರೆ ನನ್ನನ್ನು ಯಾರೂ ನಂಬಬೇಕಾಗಿಯೇ ಇಲ್ಲ.

ಫೋನ್ ತೆಗೆದೆ. ಗಡಿಯಾಚೆ ಕೇರಳದ ಟವರಿನ ಸಿಗ್ನಲ್ ಒಂದು ಕಡ್ಡಿ ತೋರಿಸುತ್ತಿತ್ತು. ಆ ಚಳಿ ದೇಶದವನಿಗೆ, ಶ್ರೀಪತಿಯವರಿಗೆ, ಉಳಿದೆಲ್ಲರಿಗೂ ಸೇರಿಸಿ ಬರೆದೆ. ಮೊದಲು ಅವನಲ್ಲಿ ಕ್ಷಮೆ ಕೇಳಿದೆ. ಆಮೇಲೆ ಬರೆದೆ: ಹಳೆಯ ಗೆಸ್ಟ್ ಒಂದನ್ನು ಎಬ್ಬಿಸಿ. ಕೌಂಟರ್ ಓಡುತ್ತದೆ, ಅಲ್ಲಿಗೆ ನಿಲ್ಲಬೇಡಿ. ಅದನ್ನು ಮುಚ್ಚಿ ಮತ್ತೆ ತೆರೆಯಬೇಡಿ, ಕರೆಂಟು ತೆಗೆಯಬೇಡಿ. ಒಳಗಿಂದಲೇ ರೀಸೆಟ್ ಮಾಡಿ. ಈಗ ಕೌಂಟರ್ ನೋಡಿ. ಕೆಳಗೆ ತಿದ್ದುಪಡಿಯ ಸಾಲುಗಳನ್ನು ನೆನಪಿನಿಂದಲೇ, ಫೋನಿನ ಸಣ್ಣ ಕೀಲಿಗಳಲ್ಲಿ ತಡವರಿಸುತ್ತಾ ಟೈಪ್ ಮಾಡಿದೆ. ಪೂರ್ತಿ ಪರೀಕ್ಷೆ ಮುಗಿಸಲು ನನ್ನಿಂದ ಆಗಲಿಲ್ಲ, ಇಲ್ಲಿ ಸಿಡಿಲು ಎಂದು ಕೊನೆಯ ಸಾಲು.

ಕಳಿಸಿ ಕಾದೆ. ಮಾಮಿ ಮೇಣದಬತ್ತಿ ಹಚ್ಚಿ ಕರಿ ಚಾ ಮಾಡಿದರು. ಮಳೆ ಧೋ ಎಂದು ಸುರಿಯಿತು. ಚಾ ಆರಿತು. ಹೊತ್ತು ಮುಳುಗುವಾಗಿನ ಮಗ್ರಿಬ್ ನಮಾಝ್ ಹತ್ತಿರವಾಯಿತು, ಅಂದರೆ ಅಲ್ಲಿ ಕರ್ನೆಲ್ ಹೊರಡುವ ಹೊತ್ತೂ ಹತ್ತಿರವಾಯಿತು. ಫೋನ್ ಸುಮ್ಮನೆ ಬಿದ್ದಿತ್ತು. ಯಂತ್ರವನ್ನು ಹೊರಗೆ ಸಾಗಿಸಿದ ಮೇಲೆ ಆ ಜಾಗದಲ್ಲಿ ಮಾಮಿ ಏನಿಡಬಹುದು ಎಂದು ಕೂಡಾ ಯೋಚಿಸಿದೆ.

ಫೋನ್ ಒಮ್ಮೆ ಮಿಣುಕಿತು. ಚಳಿ ದೇಶದವನ ಉತ್ತರ, ಈ ಸಲ ಮರ್ಯಾದೆಯ ಮಾತೇ ಇರಲಿಲ್ಲ. "ನನ್ನಲ್ಲೂ ಸೊನ್ನೆ. ನಿಮ್ಮ ಸಾಲು ಹಾಕಿದೆ. ಲೆಕ್ಕ ಬರುತ್ತಿದೆ." ಅದನ್ನು ಓದಿ ಮುಗಿಸುವ ಮೊದಲೇ ಶ್ರೀಪತಿಯವರ ಫೋನ್.

"ಇಲ್ಲಿ ಕೂಡಾ ಸೊನ್ನೆ ಮಾರಾಯ್ರೆ! ಎಲ್ಲ ಯಂತ್ರದಲ್ಲೂ! ಕರ್ನೆಲ್ ನಿಲ್ಲಿಸಿದ್ದೇವೆ, ಇವತ್ತು ಹೋಗುದಿಲ್ಲ. ನಿಮ್ಮ ಯಂತ್ರ ಅಲ್ಲೇ ಇರ್ಲಿ, ಯಾರು ಕೇಳ್ತಾರೆ ನೋಡುವ."

ನಾನು ಎದ್ದು ಕುಣಿಯುವುದೊಂದು ಬಾಕಿ. "ಸೊನ್ನೆ ಬಂತು ಮಾಮಿ! ಎಲ್ಲ ಕಡೆ ಸೊನ್ನೆ!"

ಮಾಮಿಯ ಮುಖ ಬಾಡಿತು. "ಯಾ ಅಲ್ಲಾ, ಸೊನ್ನೆಯಾ? ಕೆಲಸ ಹೋಗ್ತದೆ ಅಂತ ನಾನು ಆಗಲೇ ಹೇಳಿದ್ದಲ್ವಾ, ನೀನು ಕೇಳ್ಲಿಲ್ಲ."

ಅದು ಒಳ್ಳೆಯ ಸೊನ್ನೆ ಎಂದು ತಿಳಿಸುವಷ್ಟರಲ್ಲಿ ಮಸೀದಿಯಿಂದ ಬಾಂಗ್ ಕೂಗಿತು. ತಿಳಿದ ಮೇಲೂ ಅವರು ಪೂರ್ತಿ ನಂಬಿದಂತೆ ಕಾಣಲಿಲ್ಲ. ನಮಾಝ್ ಮುಗಿಸಿ ಬಂದು, ಸಾಮಾನು ಕೋಣೆಯ ಹೊಸ್ತಿಲಲ್ಲಿ ನಿಂತು ಕೇಳಿದರು, "ಹಾಗಾದ್ರೆ ನಾಳೆ ಗುಡುಗಿದ್ರೆ ಎಂತ ಮಾಡುದು? ತೆಗೀಲಾ, ಬೇಡ್ವಾ?"

ಪ್ಲಗ್ ತೆಗೆಯುವ ಮೊದಲು ಮಾಮಿ ನನ್ನನ್ನು ಕೇಳಿದ್ದು ಅದೇ ಮೊದಲು. ನನಗೆ ಅದು ಸ್ವಲ್ಪವೂ ಹಿಡಿಸಲಿಲ್ಲ. ಆ ಸಂಜೆಯೇ ಕುಳಿತು ಸ್ಕ್ರಿಪ್ಟ್ ತಿದ್ದಿದೆ: ಕರೆಂಟು ಹೋಗಿ ಬಂದರೆ ಮೊದಲಿನಿಂದ ಶುರು ಮಾಡು. ಹೊತ್ತು ಹೋದರೆ ಹೋಗಲಿ. "ಯಾವಾಗ ಬೇಕಾದ್ರೂ ತೆಗೀರಿ ಮಾಮಿ. ಕೇಳ್ಲಿಕ್ಕೆ ಇಲ್ಲ" ಎಂದೆ.

ಕಳೆದ ಸಂತೆಯ ದಿನ ಕೊನೆಗೆ ಒಣ ನಂಗ್ ತೆಗೆದುಕೊಂಡೆ, ಸೊನ್ನೆ ಅಲ್ಲ, ಎರಡು ಕಟ್ಟು. ಡಬ್ಬಿ ಖಾಲಿಯಾಗಿದೆ ಎಂದು ಮಾಮಿ ಬೆಳಿಗ್ಗೆ ಹೇಳಿ ಕಳಿಸಿದ್ದರು. ಬಸ್ಸಿನಲ್ಲಿ ಪಕ್ಕದವರು ಕಿಟಕಿ ತೆರೆದು ಕುಳಿತರು. ಜಾಲ್ಸೂರಿನಲ್ಲಿ ಇಳಿದು ಮನೆ ಸೇರುವಾಗ ಹನಿ ಬೀಳುತ್ತಿತ್ತು. ಸಾಮಾನು ಕೋಣೆ ತಣ್ಣಗೆ, ಸದ್ದಿಲ್ಲದೆ ಇತ್ತು. ಬೆಳಿಗ್ಗೆ ಹಾಕಿ ಹೋದ ದೊಡ್ಡ ಪರೀಕ್ಷೆಯೊಂದು ಈ ಹೊತ್ತಿಗೆ ಮುಗಿಯುವ ಹಂತದಲ್ಲಿರಬೇಕಿತ್ತು.

"ಗುಡುಗಿತು" ಎಂದರು ಮಾಮಿ, ಚೀಲಕ್ಕೆ ಕೈ ಚಾಚುತ್ತಾ. "ತೆಗೆದೆ."

"ಒಳ್ಳೇದಾಯ್ತು" ಎಂದೆ.